ಗೆರೆಯ ಮೇಲಿನ ಒಂದು ಮೊಳ

ತಿಕೋಟಾದಲ್ಲಿ ಸೈಕಲ್ ಅಂಗಡಿ ಧರ್ಮರಾಜ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ‘ಗೆರಿ ಧರ್ಮಣ್ಣ’ ಎಂದರೆ ಕೈ ತಾನಾಗಿಯೇ ಏಳುತ್ತದೆ, ಅಗೋ ಅಲ್ಲಿ ಎಂದು. ಪ್ರತಿ ವರ್ಷ ಊರಿನವರು ಆಚರಿಸುವ ಜಯಂತಿಯ ದಿನ ಬಬಲೇಶ್ವರದಿಂದ ತಿಕೋಟಾದ ತನಕ ಸೈಕಲ್ ರೇಸ್ ನಡೆಯುತ್ತದೆ. ಡಾಂಬರಿನ ಮೇಲೆ ಸುಣ್ಣದ ಗೆರೆ ಎಳೆದು, ಅದರ ತುದಿಗೆ ಕುರ್ಚಿ ಹಾಕಿಕೊಂಡು ಕೂತು, ಮೈಕಿನಲ್ಲಿ ಮೊದಲನೆಯವನು ಯಾರೆಂದು ಕೂಗುವವನು ಅವನೇ. ರೇಸ್ ಹುಟ್ಟಿದ ವರ್ಷದಿಂದಲೂ ಅವನೇ. ಅವನು ಹೆಸರು ಹೇಳಿದ ಮೇಲೆ ಮುಗಿಯಿತು, ಮರುಮಾತಿಲ್ಲ. ಅದು ಅವನ ಕಣ್ಣಿನ ಮೇಲಿನ ಭರವಸೆಯೋ, ಅವನ ಬಾಯಿಯ ಮೇಲಿನ ಹೆದರಿಕೆಯೋ, ಯಾರೂ ಬಿಡಿಸಿ ನೋಡಿರಲಿಲ್ಲ. ಅವನಂತೂ ಕಣ್ಣೆಂದೇ ತಿಳಿದಿದ್ದ.

ಬಾಯಿಯೂ ಸಣ್ಣದಲ್ಲ. ಸಾಲಿ ಬಿಟ್ಟದ್ದೇ ಸಿಟ್ಟಿನಿಂದ. ನಾಲ್ಕನೇ ಇಯತ್ತೆಯಲ್ಲಿ ಯಾರದೋ ತಪ್ಪಿಗೆ ಮಾಸ್ತರರು ಇವನ ಕಿವಿ ಹಿಂಡಿದರು, ಇವನು ಪಾಟಿ ಒಗೆದು ಹೊರಗೆ ಬಂದ, ಮತ್ತೆ ಒಳಗೆ ಹೋಗಲಿಲ್ಲ. ಆಮೇಲೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಒಬ್ಬ ಮುದುಕನ ಕೈಕೆಳಗೆ ಪಂಚರ್ ತೆಗೆಯುವುದರಿಂದ ಹಿಡಿದು ಸೊಟ್ಟಗಾದ ಗಾಲಿಯನ್ನು ನೆಟ್ಟಗೆ ಮಾಡುವ ತನಕ ಎಲ್ಲ ಕಲಿತು, ತಿಕೋಟಾಕ್ಕೆ ಬಂದು ಅಂಗಡಿ ಹಾಕಿದ. ಒಮ್ಮೆ ಒಬ್ಬ ಗಿರಾಕಿ ರಿಮ್ಮಿಗೆ ಎಣ್ಣೆ ಹಚ್ಚಿಕೊಂಡು ಬಂದು ಬ್ರೇಕ್ ಹಿಡಿಯಲೊಲ್ಲದು ಎಂದದ್ದಕ್ಕೆ, ಸೈಕಲ್ಲನ್ನು ರಸ್ತೆಗೆ ನೂಕಿ, “ಆ ಎಣ್ಣಿ ತಲಿಗೆ ಹಚ್ಕೊಂಡಿದ್ರ ಬುದ್ಧಿ ಆದ್ರೂ ತಂಪ ಆಗ್ತಿತ್ತಲ್ಲೋ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಸ್ವಲ್ಪ ಹೊತ್ತಿಗೆ ತಾನೇ ಆ ಸೈಕಲ್ಲನ್ನು ಎತ್ತಿ ತಂದು, ರಿಮ್ ಒರೆಸಿ, ದುಡ್ಡು ಮುಟ್ಟದೆ ಕಳಿಸಿದ್ದ. ತನ್ನ ಸಿಟ್ಟು ಬಂದಷ್ಟೇ ಬೇಗ ಹೋಗುತ್ತದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಹೋಗುತ್ತಿದ್ದದ್ದು ಅವನಿಂದ. ಬೈಸಿಕೊಂಡವರಿಂದ ಹೋಯಿತೋ ಇಲ್ಲವೋ ಎಂದು ಯಾರನ್ನೂ ಕೇಳಿರಲಿಲ್ಲ.

ಈ ವರ್ಷದ ರೇಸಿನಲ್ಲಿ ಕೊನೆಗೆ ಇಬ್ಬರೇ ಉಳಿದರು. ಒಬ್ಬ ಕುನಾಲ, ಧರ್ಮರಾಜನ ತಂಗಿಯ ಮಗ. ಇನ್ನೊಬ್ಬ ತೌಸೀಫ, ಬಬಲೇಶ್ವರದಲ್ಲಿ ಹತ್ತಿ ಹಿಂಜಿ ಗಾದಿ ತುಂಬಿಕೊಡುವ ಗೈಬುಸಾಬನ ಮಗ. ಇಬ್ಬರೂ ಹ್ಯಾಂಡಲ್ಲಿಗೆ ಹ್ಯಾಂಡಲ್ ಹಚ್ಚಿ ಬಂದರು. ಅದೇ ಹೊತ್ತಿಗೆ ಪೆಂಡಾಲು ಹಾಕುವ ಸಾಬಣ್ಣ ಫೋನಿನಲ್ಲಿ ಚಿತ್ರ ತೆಗೆಯುವ ಉಮೇದಿಯಲ್ಲಿ ತನ್ನ ಮೋಟಾರ್‌ಸೈಕಲ್ಲನ್ನು ಗೆರೆಯ ತನಕ ತಂದು ನಿಲ್ಲಿಸಿ, ಧರ್ಮರಾಜನಿಂದ ಬೈಸಿಕೊಂಡ. ಸೈಕಲ್ಲುಗಳು ಸುಂಯ್ ಎಂದು ದಾಟಿದವು. ಧರ್ಮರಾಜ ಮೈಕಿನಲ್ಲಿ ಕೂಗಿದ: “ಕುನಾಲ! ಮೊದಲನೇ ನಂಬರ್ ಕುನಾಲ!”

ತೌಸೀಫ ಸೈಕಲ್ ತಿರುಗಿಸಿಕೊಂಡು ಬಂದ. ಬೆವರು ಕಣ್ಣಿಗಿಳಿಯುತ್ತಿತ್ತು. “ಕಾಕಾ, ನನ್ನ ಗಾಲಿ ಮುಂದಿತ್ತು ಅನಸ್ತೈತ್ರಿ,” ಎಂದ.

“ಅನಸ್ತೈತಿ?” ಧರ್ಮರಾಜ ಕುರ್ಚಿಯಿಂದ ಎದ್ದ. ಮೈಕ್ ಇನ್ನೂ ಕೈಯಲ್ಲೇ ಇತ್ತು. “ನಾ ಇಲ್ಲಿ ಕುಂತು ನೋಡೇನಿ ಲೇ! ಎರಡೂ ಕಣ್ಣಿಲೆ ನೋಡೇನಿ! ಸುಳ್ಳ ಹೇಳಾಕ ಬಬಲೇಶ್ವರದಿಂದ ಪೆಡಲ್ ತುಳಕೋಂತ ಬಂದಿ ಏನು? ಸುಳ್ಳ ಸುಬ್ಬ!”

ಕಂಬಕ್ಕೆ ಕಟ್ಟಿದ ನಾಲ್ಕೂ ಭೋಂಗಾಗಳಲ್ಲಿ ಅದು ಮೊಳಗಿತು. ಜನ ನಕ್ಕರು. ತೌಸೀಫ ಸೈಕಲ್ ಹತ್ತಿ, ಬಂದ ದಾರಿಯಲ್ಲೇ ಹೋದ. ಎರಡನೇ ನಂಬರಿನ ಬಹುಮಾನವನ್ನೂ ಒಯ್ಯಲಿಲ್ಲ.

ಸಾಬಣ್ಣ ಬಾಯಿ ಮುಚ್ಚಿಕೊಂಡು ಇರುವವನಲ್ಲ. ಚಹಾದಂಗಡಿಯಲ್ಲಿ ಕೂತು, “ನಾಳಿ ಮಗಳನ್ನ ಕೊಡಾಂವ, ಇವತ್ತ ನಂಬರ್ ಕೊಟ್ಟಾನ. ಅಳಿಯಗ ಮುಂಗಡ!” ಎಂದ. ಆ ಮಾತು ಧರ್ಮರಾಜನ ಮಗಳು ವಿಶಾಖಾಳ ಕಿವಿಗೂ ಬಿತ್ತು. ಅವಳಿಗಾಗಲಿ ಕುನಾಲನಿಗಾಗಲಿ ಅಂಥ ವಿಚಾರವೇ ಇರಲಿಲ್ಲ. ವಿಜಯಪುರದ ಕಾಲೇಜಿಗೆ ಹೋಗುವ ಹುಡುಗಿ, ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಬದಲಿಸಿದಳು.

ಸಾಬಣ್ಣನ ಫೋನಿನಲ್ಲಿದ್ದ ವಿಡಿಯೋದಿಂದಲೂ ನ್ಯಾಯ ಬಗೆಹರಿಯಲಿಲ್ಲ. ನಿಲ್ಲಿಸಿ ನೋಡಿದರೆ ಒಂದು ಚಿತ್ರದಲ್ಲಿ ಇಬ್ಬರೂ ಗೆರೆಯ ಆಚೆ, ಮುಂದಿನದರಲ್ಲಿ ಇಬ್ಬರೂ ಈಚೆ, ಅದೂ ಕದಡಿದ ನೀರಿನಂತೆ. ರೇಸಿನ ಕಮಿಟಿಯ ಮುಂದೆ ಧರ್ಮರಾಜ ತೊಡೆ ತಟ್ಟಿದ: “ಮತ್ತೊಮ್ಮೆ ಇಬ್ಬರನ್ನೂ ಓಡಸ್ರಿ. ಹಗೂರಕ ತೋರಸೋ ಕ್ಯಾಮೆರಾ ನಾನ ತರ್ತೀನಿ. ಅದರ ಕಣ್ಣೂ ನನ್ನ ಕಣ್ಣೂ ಒಂದ ಹೇಳ್ತಾವೋ ಇಲ್ಲೋ ನೋಡ್ರಿ. ಆಮ್ಯಾಲ ಒಬ್ಬೊಬ್ಬನ ಬಾಯಿಗೆ ಗ್ರೀಸ್ ತುಂಬ್ತೀನಿ.”

ಎಲ್ಲರೂ ಹೂಂ ಅಂದರು. ಆದರೆ ಬಬಲೇಶ್ವರದಿಂದ ಬಂದ ಸುದ್ದಿ ಬೇರೆ ಇತ್ತು. ತೌಸೀಫ ಸೈಕಲ್ ಮುಟ್ಟುತ್ತಿಲ್ಲ, ಚೈನಿಗೆ ತುಕ್ಕು ಹತ್ತಿದೆ, ಯಾರಾದರೂ ಕೇಳಿದರೆ ‘ಸುಳ್ಳರಿಗೆ ರೇಸ್ ಯಾಕ’ ಅನ್ನುತ್ತಾನೆ. ಇದನ್ನು ಕೇಳಿದ ಧರ್ಮರಾಜ, “ಹೆದರಿ ಕುಂತಾನ,” ಎಂದ. ಕ್ಯಾಮೆರಾ ಕೊಳ್ಳುವ ಗಡಿಬಿಡಿ ಮಾತ್ರ ಜಾಸ್ತಿಯಾಯಿತು.

ವಿಶಾಖಾಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋದ. ಮದುವೆಗಳಿಗೆ ಕ್ಯಾಮೆರಾ ಬಾಡಿಗೆ ಕೊಡುವ, ಬಳಸಿದವನ್ನು ಮಾರುವ ಆರಿಫ ಎಂಬುವವನ ಅಂಗಡಿ ಅವಳಿಗೆ ಗೊತ್ತಿತ್ತು. ಅಂಗಡಿಯ ತುಂಬ ಗಾಜಿನ ಕಪಾಟು. ಧರ್ಮರಾಜ ಚಪ್ಪಲಿ ಬಿಟ್ಟು ಒಳಗೆ ಹೋದ.

“ಓಡೋ ಸೈಕಲ್ ಹಗೂರಕ ಕಾಣಬೇಕು, ನಮ್ಮಂಥಾವರ ಕೈಗೆ ಎಟಕಬೇಕು, ಅಂಥಾದ್ದು ತೋರ್ಸು.”

“ಎಷ್ಟು ಫ್ರೇಮಿಂದು ಬೇಕ್ರಿ ಕಾಕಾ?” ಎಂದ ಆರಿಫ.

“ಫ್ರೇಮ್ ನನ್ನ ಅಂಗಡ್ಯಾಗ ಗೋಡಿಗೆ ಜೋತ ಬಿಟ್ಟೇನಿ. ನನಗ ಕ್ಯಾಮೆರಾ ಬೇಕು.”

“ಹಂಗಲ್ರಿ, ಎರಡನೂರಾ ನಲವತ್ತು ಫ್ರೇಮ್ ಆದ್ರ ನಿಮ್ಮ ಕೆಲಸಕ್ಕ...”

“ಎರಡನೂರಾ ನಲವತ್ತು ಫ್ರೇಮ್ ತಗೊಂಡು ಏನ್ ಸೈಕಲ್ ಕಾರ್ಖಾನಿ ತಗೀಲಿ? ಚೇಷ್ಟಿ ಮಾಡ್ತಿ ಏನ್ ಲೇ? ಹಳ್ಳಿಯವ ಬಂದಾನ ಅಂತ?”

ಲೆನ್ಸ್ ಒರೆಸುತ್ತಿದ್ದ ಇನ್ನೊಬ್ಬ ಗಿರಾಕಿ ಕಿಸಕ್ಕನೆ ನಕ್ಕ. ವಿಶಾಖಾ ತಂದೆಯ ತೋಳು ಹಿಡಿದು ಮೆಲ್ಲಗೆ, “ಅಪ್ಪಾ, ಚಿತ್ರಕ್ಕ ಫ್ರೇಮ್ ಅಂತಾರ. ಒಂದು ಸೆಕೆಂಡಿನಾಗ ಎಷ್ಟು ಚಿತ್ರ ತಗೀತೈತಿ ಅಂತ ಕೇಳಾಕತ್ತಾನ ಅಂವ,” ಎಂದಳು. ಧರ್ಮರಾಜನ ಕಿವಿ ಬಿಸಿಯಾದವು. ಸಿಟ್ಟಿಗೆ ಇನ್ನೇನು ಹೊರಗೆ ಹೋಗಬೇಕು, ಆರಿಫ ಮಾತ್ರ ನಗಲಿಲ್ಲ. ಸ್ಟೂಲ್ ಸರಿಸಿ, “ಕುಂದರ್ರಿ ಕಾಕಾ. ನಮ್ಮ ಮಾತು ನಿಮಗ ಹೊಸಾದು, ನಿಮ್ಮದು ನಮಗ ಹೊಸಾದು,” ಎಂದ. ಬೈಸಿಕೊಂಡವನೇ ಕೂರಲು ಜಾಗ ಕೊಟ್ಟದ್ದು ಧರ್ಮರಾಜನನ್ನು ಇನ್ನಷ್ಟು ಕುಗ್ಗಿಸಿತು. ಕೂತ.

ಆರಿಫ ಬಿಡಿಸಿ ಹೇಳಿದ. ಸಾದಾ ಫೋನು ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯುತ್ತದೆ. ಜೋರಾಗಿ ಬರುವ ಸೈಕಲ್ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ಮೊಳ ಮುಂದೆ ಹೋಗಿರುತ್ತದೆ. ಆ ಮೊಳದೊಳಗೆ ಯಾರು ಮುಂದಿದ್ದರು ಎನ್ನುವುದನ್ನು ಯಾವ ದೇವರೂ ಹೇಳಲಾರ. ಎರಡುನೂರಾ ನಲವತ್ತು ತೆಗೆದರೆ ಆ ಮೊಳ ಮೂರ್ನಾಲ್ಕು ಬೆರಳಿಗೆ ಇಳಿಯುತ್ತದೆ, ಊರ ರೇಸಿಗೆ ಸಾಕು. ಬಿಸಿಲು ಚೆನ್ನಾಗಿರಬೇಕು, ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದೆ ನಿಲ್ಲಬೇಕು, ಗೆರೆಯ ನೇರಕ್ಕೇ ನೋಡಬೇಕು, ಓರೆಯಾದರೆ ಹಿಂದಿದ್ದವನು ಮುಂದೆ ಕಂಡಾನು. ಸಾವಿರಗಟ್ಟಲೆ ಚಿತ್ರ ತೆಗೆಯುವ ದೊಡ್ಡ ಯಂತ್ರಗಳೂ ಇವೆ. ಆದರೆ ಅವು ಕಾರ್ಖಾನೆಯವರಿಗೆ, ಸಿನಿಮಾದವರಿಗೆ. ನಮಗೆ ಅದರ ಗೊಡವೆ ಬೇಡ.

ಮೊಳ, ಬೆರಳು ಎಂದ ಮೇಲೆ ಧರ್ಮರಾಜನಿಗೆ ಎಲ್ಲ ತಿಳಿಯಿತು. ಆದರೆ ಅವನ ಕಣ್ಣು ಕಪಾಟಿನಲ್ಲಿದ್ದ ಒಂದು ಫೋನಿನ ಡಬ್ಬಿಯ ಮೇಲೆ ನಿಂತಿತ್ತು. ಅದರ ಮೇಲೆ ಒಂಬೈನೂರಾ ಅರವತ್ತು ಎಂದು ಬರೆದಿತ್ತು.

“ಅದು ಕೊಡು ಮತ್ತ. ಅದರಾಗ ಒಂದ ಬೆರಳಿಗೆ ಬರತೈತಲ್ಲ? ನೀ ಯಾಕ ಕಮ್ಮಿದು ತೋರಸಾಕತ್ತಿ?”

“ಬರದದ್ದು ಹಂಗ ಐತ್ರಿ,” ಎಂದ ಆರಿಫ. “ನಾ ಹೇಳಿದ್ರ ನೀವು ನಂಬೂದಿಲ್ಲ. ನೋಡೂಣ ಬರ್ರಿ.”

ಹೊರಗೆ ಆರಿಫನ ಸೈಕಲ್ ಇತ್ತು. ಧರ್ಮರಾಜ ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಒಂದು ಕಡ್ಡಿಗೆ ಕೆಂಪು ಟೇಪ್ ಸುತ್ತಿ, ಪೆಡಲ್ ಹಿಡಿದು ಹಿಂದಿನ ಗಾಲಿಯನ್ನು ಗರಗರ ತಿರುಗಿಸಿದ. ಆರಿಫ ಆ ಫೋನಿನಲ್ಲೂ, ಬಳಸಿದ ಒಂದು ಸಣ್ಣ ಕ್ಯಾಮೆರಾದಲ್ಲೂ ಚಿತ್ರ ಹಿಡಿದ. ಫೋನಿನಲ್ಲಿ ನೋಡಿದರೆ ಗಾಲಿ ಎಣ್ಣೆಯಲ್ಲಿ ತೇಲಿದಂತೆ ತಿರುಗುತ್ತಿತ್ತು. ಧರ್ಮರಾಜ ಬಾಯಿ ತೆರೆದು ನೋಡಿದ. “ಯಪ್ಪಾ! ಇದ ಬೇಕು ನನಗ!”

“ತಡೀರಿ. ಈಗ ಒಂದೊಂದ ಚಿತ್ರ ನಿಲ್ಸಿ ನೋಡ್ರಿ.”

ಒಂದು ಚಿತ್ರದಲ್ಲಿ ಕೆಂಪು ಟೇಪ್ ಮೇಲಿತ್ತು. ಮುಂದಿನದರಲ್ಲಿ ಎರಡು ಕಡೆ ಇತ್ತು, ಎರಡೂ ಮಸುಕು. ಅದರ ಮುಂದಿನದರಲ್ಲಿ ಕಡ್ಡಿಗಳು ರಬ್ಬರಿನಂತೆ ಬಾಗಿದ್ದವು. ಮತ್ತೂ ಮುಂದೆ ಹೋದರೆ ಟೇಪ್ ಒಂದೇ, ಸ್ವಚ್ಛವಾಗಿ, ಕೆಳಗೆ.

“ಕಡ್ಡಿ ಎಲ್ಲಿ ಹಿಂಗ ಬಾಗತಾವಲೇ?” ಎಂದ ಧರ್ಮರಾಜ. ಜೀವಮಾನವೆಲ್ಲ ಗಾಲಿ ನೋಡಿದವನು.

“ಬಾಗಿಲ್ರಿ. ಇದು ನೋಡಿದ್ದು ಮ್ಯಾಲಿಂದೊಂದು, ಕೆಳಗಿಂದೊಂದು. ನಡುವಿನವು ತಾನ ಹುಟ್ಟಿಸಿದ್ದು. ಇಲ್ಲಿದ್ದದ್ದು ಅಲ್ಲಿಗೆ ಹೋಗೇತಿ, ಅಂದಮ್ಯಾಲ ನಡುವ ಹಿಂಗ ಹೋಗಿರಬೇಕು ಅಂತ ಅಂದಾಜ ಮಾಡಿ ತುಂಬೇತಿ. ಎಲ್ಲಾ ಫೋನೂ ಹಿಂಗ ಅಲ್ಲ, ಇದಂತೂ ಹಿಂಗ. ಮದುವ್ಯಾಗ ಅಕ್ಕಿಕಾಳು ಬೀಳೋದು ತೋರಸಾಕ ಛಲೋ ಐತಿ. ಗೆರಿ ಮ್ಯಾಲ ಯಾರು ಮುಂದ ಅಂತ ಕೇಳಾಕ ಹೋಗಬ್ಯಾಡ್ರಿ.”

“ಹಲ್ಕಟ್! ಸುಳ್ಳ ಹೇಳತೈತೇನು?” ಧರ್ಮರಾಜನಿಗೆ ಫೋನಿನ ಮೇಲೇ ಸಿಟ್ಟು ಬಂತು.

“ಸುಳ್ಳ ಅಂತ ಅದಕ್ಕ ಗೊತ್ತಿಲ್ರೀ ಕಾಕಾ. ಕಂಡದ್ದೂ ಹುಟ್ಟಿಸಿದ್ದೂ ಎರಡೂ ಅದಕ್ಕ ಒಂದ.”

ಆರಿಫ ಏನೋ ವ್ಯಾಪಾರದ ಮಾತಿನಂತೆ ಅದನ್ನು ಹೇಳಿ ಸಣ್ಣ ಕ್ಯಾಮೆರಾದ ಚಿತ್ರ ತೋರಿಸತೊಡಗಿದ. ಅದರಲ್ಲಿ ಟೇಪ್ ಎಲ್ಲ ಚಿತ್ರಗಳಲ್ಲೂ ಒಂದೇ ಇತ್ತು. ಒಂದು ಸಲಕ್ಕೆ ಇಷ್ಟಿಷ್ಟೇ ಜಾಗ ಬಿಟ್ಟು ಜಿಗಿಯುತ್ತಿತ್ತು, ನಡುವಿನ ಜಾಗ ಖಾಲಿ. ವಿಶಾಖಾ, “ಇದ ತಗೋಳೂಣ ಅಪ್ಪಾ. ಇದು ಕಾಣದ್ದನ್ನ ಕಂಡೇನಿ ಅನ್ನೂದಿಲ್ಲ,” ಎಂದಳು. ಧರ್ಮರಾಜನಿಗೆ ರೇಸಿನ ದಿನ ನೆನಪಾಯಿತು.

ಅವನು ಗೆರೆಯ ತುದಿಗೆ ಕೂತಿದ್ದ. ಹುಡುಗರು ಬೇವಿನ ಗಿಡ ದಾಟಿ ಬರುತ್ತಿದ್ದರು. ಅದು ಕಂಡದ್ದು. ಸಾಬಣ್ಣನ ಮೋಟಾರ್‌ಸೈಕಲ್ಲಿನ ಮೂತಿ ಸುಣ್ಣಕ್ಕೆ ಬಂತು. ಇವನು ಆ ಕಡೆ ತಿರುಗಿ, ‘ತಗೀಲೇ ಅದನ್ನ, ಕಣ್ಣ ಹೋಗ್ಯಾವೇನು!’ ಎಂದು ಕೂಗಿದ. ಇತ್ತ ತಿರುಗಿದಾಗ ಎರಡೂ ಸೈಕಲ್ಲುಗಳು ದಾಟಿಹೋಗಿದ್ದವು, ಕುನಾಲ ಕೈ ಎತ್ತಿದ್ದ. ಅದೂ ಕಂಡದ್ದು. ಆದರೆ ಅವೆರಡರ ನಡುವೆ ಇನ್ನೊಂದು ಚಿತ್ರ ಅವನ ತಲೆಯಲ್ಲಿತ್ತು. ಕುನಾಲನ ಮುಂದಿನ ಗಾಲಿ ಸುಣ್ಣ ಮುಟ್ಟಿ, ಬಿಳಿ ಪುಡಿ ಎದ್ದು, ಪಕ್ಕದ ಗಾಲಿ ಇನ್ನೂ ಕರಿ ಡಾಂಬರಿನ ಮೇಲೆ. ಆ ಚಿತ್ರವನ್ನೇ ನಂಬಿ ಅವನು ಮೈಕಿನಲ್ಲಿ ಕೂಗಿದ್ದ, ಕಮಿಟಿಯ ಮುಂದೆ ತೊಡೆ ತಟ್ಟಿದ್ದ. ಅದು ಈಗಲೂ ಅವನಿಗೆ ಸ್ವಚ್ಛವಾಗಿ ಕಾಣುತ್ತಿತ್ತು. ಆ ಹೊತ್ತಿಗೆ ಅವನ ಮುಖ ಸಾಬಣ್ಣನ ಕಡೆ ಇತ್ತು.

ಆರಿಫ ಹೇಳಿದ ದರಕ್ಕೆ ಅವನು ಚೌಕಾಶಿ ಮಾಡಲಿಲ್ಲ. ಬಸ್ಸಿನಲ್ಲಿ ವಿಶಾಖಾ, “ಯಾಕ ಅಪ್ಪಾ, ಕಾಯಿಪಲ್ಲೆಗೂ ಜಗಳಾಡಾಂವ, ಇವತ್ತ ಸುಮ್ಮನಾದಿ?” ಎಂದಳು.

“ಸುಮ್ಮ ಕುಂದರ ಬೇ!” ಎಂದು ಗದರಿದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ತೊರವಿ ದಾಟಿದ ಮೇಲೆ ಅವನೇ, ಕಿಟಕಿಯ ಕಡೆ ಮುಖ ಮಾಡಿ, “ಅವತ್ತ ನಾ ನೋಡಿಲ್ಲ ವಿಶಾಖಾ,” ಎಂದ. ಅವಳು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಅವಳೂ ಇಷ್ಟು ದಿನ ಈ ಗೆರೆಯ ಸಲುವಾಗಿ ಜನರ ಬಾಯಿಗೆ ಬಿದ್ದವಳು. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮರುದಿನ ಅಂಗಡಿ ತೆರೆಯದೆ ಬಬಲೇಶ್ವರಕ್ಕೆ ಹೋದ. ಗೈಬುಸಾಬನ ಹತ್ತಿ ಹಿಂಜುವ ಯಂತ್ರ ಭರ್‍ರೋ ಎನ್ನುತ್ತಿತ್ತು. ಹುಬ್ಬು, ಮೀಸೆ, ಗಡ್ಡ ಎಲ್ಲ ಹತ್ತಿಯ ಬಿಳುಪಾಗಿ ಗೈಬುಸಾಬ ಅದರ ಮುಂದೆ ಕೂತಿದ್ದ. ಒಳಗೆ ಗೋಡೆಗೆ ಬೆನ್ನು ಕೊಟ್ಟು ತೌಸೀಫ ಒಂದು ಗಾದಿಗೆ ಹೊಲಿಗೆ ಹಾಕುತ್ತಿದ್ದ.

ದಾರಿಯುದ್ದಕ್ಕೂ ಧರ್ಮರಾಜ ಮಾತು ಹೊಂದಿಸಿಕೊಂಡು ಬಂದಿದ್ದ. ಯಂತ್ರದ ಸದ್ದಿಗೆ ಅದೆಲ್ಲ ಹಾರಿಹೋಯಿತು. “ಗೈಬುಸಾಬರ, ತಪ್ಪಾಗೇತಿ ನನ್ನ ಕಡೆ!” ಎಂದು ಕೂಗಿದ.

ಗೈಬುಸಾಬ ಕಿವಿಗೆ ಕೈ ಹಿಡಿದ.

“ಅವತ್ತ ನಾ ನೋಡಿಲ್ಲ!”

ಗೈಬುಸಾಬ ಯಂತ್ರ ನಿಲ್ಲಿಸಿದ. ಓಣಿ ಒಮ್ಮೆಲೇ ಸುಮ್ಮನಾಯಿತು. ಆದರೆ ಧರ್ಮರಾಜನ ದನಿ ಇಳಿಯಲಿಲ್ಲ, ಅದಕ್ಕೆ ಇಳಿಯುವ ರೂಢಿಯೇ ಇರಲಿಲ್ಲ. “ಗೆರಿ ಮ್ಯಾಲ ಯಾರು ಮುಂದಿದ್ರು ನಾ ನೋಡಿಲ್ಲ! ಸಾಬಣ್ಣಗ ಬೈಯಾಕತ್ತಿದ್ದೆ! ಕೇಳಸ್ತೋ ಇಲ್ಲೋ!”

ಎದುರು ಮನೆಯ ಬಾಗಿಲಿಗೆ ಇಬ್ಬರು ಬಂದು ನಿಂತರು. ತಪ್ಪೊಪ್ಪಲು ಬಂದವನು ಜಗಳಕ್ಕೆ ಬಂದವನಂತೆ ಬೀದಿಯಲ್ಲಿ ನಿಂತಿದ್ದೇನೆಂದು ಅವನಿಗೇ ಅರಿವಾಯಿತು.

“ಕೇಳಸ್ತು ಧರ್ಮಣ್ಣ,” ಎಂದ ಗೈಬುಸಾಬ. “ನನಗ ಅವತ್ತ ಗೊತ್ತಿತ್ತು. ನಾ ಗೆರಿ ಆಕಡೆ ನಿಂತಿದ್ದೆ. ಮಗ ಗೆಲ್ತಾನೋ ಇಲ್ಲೋ ಅನ್ನೋ ಹೆದರಿಕಿಗೆ ಸೈಕಲ್ ನೋಡಾಕ ಆಗಲಿಲ್ಲ, ನಿನ್ನ ಮಾರಿ ನೋಡ್ಕೋಂತ ನಿಂತೆ. ನಿನ್ನ ಮಾರಿ ಗೆರಿ ಕಡೆ ಇರಲಿಲ್ಲ.”

“ಮತ್ತ ಅವತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಏನ್ ಮಾಡ್ತಿದ್ದಿ?”

ತಾನು ಏನು ಮಾಡುತ್ತಿದ್ದೆ ಎನ್ನುವುದು ಧರ್ಮರಾಜನಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಅವತ್ತು ಮೈಕ್ ಬೇರೆ ಕೈಯಲ್ಲಿತ್ತು.

ಒಳಗಿನಿಂದ ತೌಸೀಫ ತಲೆ ಎತ್ತದೆಯೇ ಮಾತಾಡಿದ. “ಯಾರು ಮುಂದಿದ್ರು ಅಂತ ನನಗೂ ಪಕ್ಕಾ ಗೊತ್ತಿರಲಿಲ್ರಿ ಕಾಕಾ. ತಲಿ ಬಗ್ಗಿಸಿ ತುಳಿಯಾಕತ್ತಿದ್ದೆ. ಅದಕ್ಕ ‘ಅನಸ್ತೈತಿ’ ಅಂದಿದ್ದೆ.”

ಸೂಜಿ ಗಾದಿಯಲ್ಲಿ ಇಳಿದು ಮೇಲೆ ಬಂತು. ಧರ್ಮರಾಜನಿಗೆ ಆ ಮಾತು ಬಡಿದಷ್ಟು ಯಾರ ಬೈಗಳೂ ಈ ತನಕ ಬಡಿದಿರಲಿಲ್ಲ. ಕಾಣದ್ದನ್ನು ಅನಿಸುತ್ತದೆ ಎಂದವನು ಸುಳ್ಳನಾದ. ಕಾಣದ್ದನ್ನು ನೋಡಿದ್ದೇನೆ ಎಂದವನು ಕುರ್ಚಿಯ ಮೇಲೆ ಕೂತ.

“ಮತ್ತೊಮ್ಮೆ ಓಡು ಬಾರೋ,” ಎಂದ. “ಕ್ಯಾಮೆರಾ ತಂದೇನಿ. ಖರೇ ಕ್ಯಾಮೆರಾ.”

ತೌಸೀಫ ದಾರ ಕಡಿದು, ಸೂಜಿಗೆ ಹೊಸ ದಾರ ಪೋಣಿಸತೊಡಗಿದ. ಗೈಬುಸಾಬನೇ ಹೇಳಿದ: “ಸುಳ್ಳ ಅಂದದ್ದು ತಿಕೋಟಾದಾಗ, ಎಲ್ಲಾರ ಮುಂದ. ಇಲ್ಲಿ ಬಂದು ನನ್ನ ಹತ್ತಿ ಮುಂದ ಹೇಳಿದ್ರ ಏನು ಬಂತು ಧರ್ಮಣ್ಣ? ಚಹಾ ಕುಡಿ, ಹೋಗು.”

ಧರ್ಮರಾಜ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮುಂದಿನ ರವಿವಾರ ತಿಕೋಟಾದ ಸಮುದಾಯ ಭವನದಲ್ಲಿ ಕಮಿಟಿ ಸೇರಿತು. ಕ್ಯಾಮೆರಾ ನೋಡುವ ಆಸೆಗೆ ಕಮಿಟಿಯವರಲ್ಲದವರೂ ಬಂದು ತುಂಬಿದರು. ವಿಶಾಖಾ ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮೇಜಿನ ಪಕ್ಕ ಇಟ್ಟಿದ್ದಳು. ಕುನಾಲ ಮುಂದಿನ ಸಾಲಿನಲ್ಲಿದ್ದ, ಮಾಮಾನ ಮೇಲಿನ ಅಪವಾದ ಇವತ್ತು ಹೋಗುತ್ತದೆಂಬ ಹುರುಪಿನಲ್ಲಿ. ಗೈಬುಸಾಬ ಒಬ್ಬನೇ ಬಂದು ಬಾಗಿಲ ಹತ್ತಿರ ನಿಂತಿದ್ದ. ತೌಸೀಫ ಬಂದಿರಲಿಲ್ಲ.

ಧರ್ಮರಾಜ ಎದ್ದು ನಿಂತ. ಅವನು ಎದ್ದರೆ ಜನ ಬೈಗಳಿಗೆ ತಯಾರಾಗಿ ಕೂರುತ್ತಾರೆ. ಹಾಗೆಯೇ ಕೂತರು.

“ಅವತ್ತ ಗೆರಿ ಮ್ಯಾಲ ಯಾರು ಮೊದಲ ಬಂದ್ರು, ನಾ ನೋಡಿಲ್ಲ,” ಎಂದ. “ನನ್ನ ಮಾರಿ ಸಾಬಣ್ಣನ ಕಡೆ ಇತ್ತು. ನೋಡೇನಿ ಅಂದದ್ದು ಸುಳ್ಳ. ಆ ಹುಡುಗ ಸುಳ್ಳ ಹೇಳಿದ್ದಿಲ್ಲ. ಸುಳ್ಳ ಹೇಳಿದಾಂವ ನಾ.”

ದನಿ ಎಷ್ಟು ಸಣ್ಣಗಿತ್ತೆಂದರೆ ಹಿಂದಿನವರು, “ಏನಂದ, ಏನಂದ?” ಎಂದು ಕೇಳಿದರು. ದನಿ ಸಾಲದೆ ಅವನ ಮಾತು ಯಾರಿಗೋ ಕೇಳಿಸದೆ ಹೋದದ್ದು ಜೀವಮಾನದಲ್ಲಿ ಅದೇ ಮೊದಲು. ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲಿನದಕ್ಕಿಂತ ಕಠಿಣವಾಗಿತ್ತು.

“ಹಂಗಾರ ಗೆದ್ದಾಂವ ಯಾರು?” ಸಾಬಣ್ಣ ಕೇಳಿದ.

“ಗೊತ್ತಿಲ್ಲ.”

ಕುನಾಲ ತಿರುಗಿ ನೋಡಿದ. ಅವನ ಮುಖದ ಹುರುಪು ಹೋಗಿತ್ತು. “ಮಾಮಾ, ನೀ ಕೂಗಿದಿ ಅಂತ ನಾ ಗೆದ್ದೆ ಅನ್ಕೊಂಡಿದ್ದೆ. ಅದಕ್ಕೂ ಮೊದಲ ಕೈ ಎತ್ತಿದ್ದು... ಸುಮ್ಮ ಎತ್ತಿದ್ದೆ,” ಎಂದ. ಆಮೇಲೆ ಎದ್ದು, ಜನರನ್ನು ಸರಿಸಿಕೊಂಡು ಹೊರಗೆ ನಡೆದ. ಧರ್ಮರಾಜ ಅವನನ್ನು ಕೂಗಿ ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಗೈಬುಸಾಬನೂ ಹೊರಡಲು ತಿರುಗಿದ್ದ. ಧರ್ಮರಾಜ ದಾಪುಗಾಲು ಹಾಕಿ ಹೋಗಿ ಅವನನ್ನು ಹಿಡಿದ. “ತೌಸೀಫಗ ಹೇಳ್ರಿ ಗೈಬುಸಾಬರ. ಧರ್ಮಣ್ಣ ಎಲ್ಲಾರ ಮುಂದ ಹೇಳ್ಯಾನ ಅಂತ ಹೇಳ್ರಿ.”

“ಹೇಳ್ತೀನಿ. ಮತ್ತ ಸೈಕಲ್ ಹತ್ತೂದು ಬಿಡೂದು ಅವನ ಮನಸಿಗೆ ಬಿಟ್ಟದ್ದು,” ಎಂದು ಗೈಬುಸಾಬ ಮೆಟ್ಟಿಲಿಳಿದ. ಬಿಸಿಲಿನಲ್ಲಿ ಅವನ ಬೆನ್ನಿನ ಮೇಲೆ ಹತ್ತಿಯ ಎಳೆಗಳು ಹೊಳೆಯುತ್ತಿದ್ದವು.

ಒಳಗೆ ಕಮಿಟಿಯವರು ಮುಂದಿನ ಮಾತು ಎತ್ತಿದ್ದರು. ಇಬ್ಬರೂ ಬಂದರೆ ಮತ್ತೊಮ್ಮೆ ಓಡಿಸುವುದು, ಬಾರದಿದ್ದರೆ ಈ ವರ್ಷದ ಮೊದಲನೇ ನಂಬರ್ ಯಾರಿಗೂ ಇಲ್ಲ. ಕ್ಯಾಮೆರಾ ವಿಶಾಖಾ ನೋಡಿಕೊಳ್ಳುತ್ತಾಳೆ. ಇನ್ನು ಕುರ್ಚಿ ಬೇಕಾಗುವುದಿಲ್ಲ.

“ಆದ್ರ ಗೆರಿ ಮುಂದ ಜನಾ ಬರದಂಗ ತಡಿಯಾಕ ಒಬ್ಬಾಂವ ಬೇಕಲ್ಲ?” ಎಂದ ಒಬ್ಬ ಹಿರಿಯ.

ಬಾಗಿಲಲ್ಲೇ ನಿಂತಿದ್ದ ಧರ್ಮರಾಜ, “ನಾ ನಿಂದರ್ತೀನಿ. ಹಗ್ಗ ಹಿಡಕೊಂಡು,” ಎಂದ.

“ಬೈಯದಂಗ?” ಎಂದ ಸಾಬಣ್ಣ.

ಇಡೀ ಭವನ ನಕ್ಕಿತು. ಮಗಳೂ ತುಟಿ ಕಚ್ಚಿಕೊಂಡು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡಳು. ಧರ್ಮರಾಜನ ಕುತ್ತಿಗೆಯ ನರ ಉಬ್ಬಿತು, ಬಾಯಿ ತೆರೆಯಿತು, ಎಲ್ಲರೂ ಕಾದರು.

“ಬೈಯದಂಗ,” ಎಂದ. ನಗು ನಿಲ್ಲುವ ತನಕ ಅಲ್ಲೇ ನಿಂತ.